ಹನ್ನೊಂದು ದಿನದ ಗಾಳಿ

ದುಕ್ಮ್ ಬಂದರಿನಿಂದ ನಲವತ್ತು ಕಿಲೋಮೀಟರ್ ಒಳಗೆ
ಎಂಬತ್ತು ಮೀಟರಿನ ಒಂಟಿ ಕಬ್ಬಿಣದ ಕಂಬ.
ತುದಿಯಲ್ಲಿ ಮೂರು ಬಟ್ಟಲು
ಗಾಳಿಯನ್ನು ಮೊಗೆಯುತ್ತವೆ, ಮೊಗೆದು ಅಲ್ಲೇ ಚೆಲ್ಲುತ್ತವೆ.
ನಮ್ಮ ಕಂಪನಿಯ ಆಸ್ತಿ ಎಂದರೆ ಇಷ್ಟೇ:
ಈ ಕಂಬ, ಎರಡು ಲ್ಯಾಪ್‌ಟಾಪು, ಬಾಡಿಗೆಯ ಪಿಕಪ್ಪು,
ಮತ್ತೆ ಹತ್ತು ನಿಮಿಷಕ್ಕೊಂದರಂತೆ
ಹದಿನಾಲ್ಕು ತಿಂಗಳ ಅಂಕೆ.

ಅಂಕೆ ಕಾಯುವವಳು ನಾನು, ಗಂಗೊಳ್ಳಿಯ ಖಾರ್ವಿ ಮನೆಯವಳು.
ಗಾಳಿ ಅಳೆದರೆ ಸಂಬಳ ಕೊಡುತ್ತಾರೆ ಅಂದಾಗ
ಚಿಕ್ಕಪ್ಪ ಬಲೆ ಹೆಣೆಯುವುದು ಬಿಟ್ಟು ನಕ್ಕಿದ್ದ:
‘ಮುತ್ತಜ್ಜ ಮಸ್ಕತ್ತಿಗೆ ಹಂಚು ಹೇರಿಕೊಂಡು ಹೋದದ್ದು
ಪುಕ್ಕಟೆ ಗಾಳಿಯಲ್ಲಿ.
ಈಗ ಅದಕ್ಕೂ ರಶೀದಿಯೋ?’

ಹೌದು ಚಿಕ್ಕಪ್ಪ, ರಶೀದಿ.
ಜೂನ್ ಬಂದರೆ ಇಲ್ಲಿ ತೆಂಕುಪಡುವಣ ಗಾಳಿ,
ಇವರು ಕೋಸ್ ಅನ್ನುತ್ತಾರೆ.
ನಿಮ್ಮ ಹಂಚಿನ ಮೇಲೆ ನೀರು ಸುರಿಯುವ ಗಾಳಿಯ ದಾಯಾದಿ ಅದು,
ಇಲ್ಲಿಗೆ ಮಾತ್ರ ಬರಿಗೈಯಲ್ಲಿ ಬರುತ್ತದೆ.
ಗಾಳಿ ಬಂದಾಗ ತೂರಿಕೋ ಅಂತೀರಲ್ಲ,
ಇಲ್ಲಿ ಗಾಳಿ ಹೋಗುವುದೇ ಇಲ್ಲ.
ತೂರಲು ಕಾಳಿಲ್ಲ, ಅಷ್ಟೇ.

ಕಾಳು ತರಲು ಹೊರಟವಳು ಅಸೀಲಾ.
ಎಣ್ಣೆ ಕಂಪನಿಯ ಕೊನೆಯ ತಿಂಗಳ ರಜೆಯಲ್ಲಿ
ಈ ಜಾಗ ನೋಡಿಟ್ಟವಳು,
ಪಿಕಪ್ಪನ್ನು ಒಂಟೆಗಿಂತ ಜೋರಾಗಿ ಬೈಯುವವಳು.
ಇವತ್ತು ಅಬುಧಾಬಿಯಿಂದ ಹೂಡಿಕೆಯವರು ಬರುತ್ತಾರೆ.
‘ಆ ಹನ್ನೊಂದು ದಿನ ತುಂಬಿಸಿದೆಯಾ?’
ರಾತ್ರಿ ಮೂರು ಸಲ ಕೇಳಿದ್ದಾಳೆ.

ಜುಲೈ ಹತ್ತೊಂಬತ್ತರಿಂದ ಹನ್ನೊಂದು ದಿನ ಖಾಲಿ.
ಯಂತ್ರದ ತಪ್ಪಲ್ಲ. ಮೇಕೆ ವೈರು ತಿಂದಿತ್ತು.
ಮೇಕೆಯ ಯಜಮಾನನೇ ಕಂಬದ ಕಾವಲುಗಾರ,
ಮುಸಲ್ಲಮ್ ಹರ್ಸೂಸಿ;
ವೈರಿನ ದುಡ್ಡು ಅವನ ಸಂಬಳದಲ್ಲಿ ಹಿಡಿಯಲು
ಯಾರಿಗೂ ಬಾಯಿ ಬರಲಿಲ್ಲ.
ಉಪಗ್ರಹದ ಅಂದಾಜು ತಂದು ತುಂಬಿಸಿದ್ದೆ.
ಎಲ್ಲರೂ ಹಾಗೇ ಮಾಡುತ್ತಾರೆ. ತಪ್ಪೇನಲ್ಲ.
ಬೂದು ಬಣ್ಣ ಹಚ್ಚಿದ್ದೆ, ಕಾಣಲಿ ಎಂದು.

ಕಾರಿಂದ ಇಳಿದ ಮನುಷ್ಯನ ಹೆಸರು ಗಸ್ಸಾನ್.
ಬಾಗಿಲು ಅವನ ಕೈ ಕಿತ್ತುಕೊಂಡು ಹೋಯಿತು,
ಕಡತದ ಮೊದಲ ಎರಡು ಹಾಳೆ ಸಮುದ್ರದ ಕಡೆಗಲ್ಲ,
ಸಮುದ್ರದಿಂದ ಆಚೆಗೆ.
‘ಪುರಾವೆ ಸಿಕ್ಕಿತಲ್ಲ’ ಅಂದಳು ಅಸೀಲಾ.
ಅವನು ನಗಲಿಲ್ಲ. ಬೂದು ಬಣ್ಣಕ್ಕೆ ಬೆರಳಿಟ್ಟ.

ಚಹಾ ಬಗ್ಗಿಸುತ್ತಿದ್ದ ಮುಸಲ್ಲಮ್ ತಾನಾಗಿ ಹೇಳಿದ:
ಆ ದಿನಗಳಲ್ಲಿ ಕೆಟಲಿಗೆ ಬೆಂಕಿ ನಿಲ್ಲಿಸಲು
ಮೊಣಕೈ ಆಳ ಗುಂಡಿ ತೋಡಬೇಕಾಯಿತು.
ಒಂಬತ್ತನೇ ಸಂಜೆ ಮಾತ್ರ ಬೆರಳಿನ ಆಳ ಸಾಕಾಯಿತು.
ಬೆನ್ನು ತಿರುಗಿಸಿ ಮಲಗಿದ್ದ ಮೇಕೆಗಳು
ಎದ್ದು ಮುಖ ಮಾಡಿ ನಿಂತವು. ಬೆಳಗಿನವರೆಗೂ.

ಉಪಗ್ರಹದಲ್ಲಿ ಒಂಬತ್ತನೇ ಸಂಜೆ
ಹದಿಮೂರು ಮೀಟರ್, ಸೆಕೆಂಡಿಗೆ.
ಅಸೀಲಾ ನನ್ನನ್ನು ನೋಡಿದಳು.
ನಾನು ಮುಸಲ್ಲಮ್‌ನ ಬೆರಳನ್ನು.
ಯಾವುದರ ಮಾತು ನಂಬಬೇಕು ಎಂದು
ನನಗೆ ಈಗಲೂ ಪೂರ್ತಿ ಗೊತ್ತಿಲ್ಲ, ಚಿಕ್ಕಪ್ಪ,
ಆದರೆ ನೀನು ಮೂಡುಗಾಳಿ ನೋಡದೆ, ಮೂಸಿ
ದೋಣಿ ಬಿಟ್ಟದ್ದು ನೆನಪಿದೆ.
ಆ ರಾತ್ರಿಯ ಅಂಕೆಗಳನ್ನು ಅವರ ಎದುರೇ ಅಳಿಸಿದೆ.
ವರ್ಷದ ಸರಾಸರಿ ಕೂದಲಿನಷ್ಟು ಇಳಿಯಿತು.
ಕೂದಲಿಗೂ ಅಲ್ಲಿ ಬೆಲೆಯಿದೆ,
ಇಪ್ಪತ್ತೈದು ವರ್ಷಕ್ಕೆ ಗುಣಿಸುತ್ತಾರೆ.

ಟಿಪ್ಪಣಿಯ ಅಂಕಣದಲ್ಲಿ ಆಧಾರ ಬರೆಯಬೇಕು.
ಬರೆದೆ: ಮುಸಲ್ಲಮ್, ಬೆರಳಿನ ಆಳ.

ಮೂರು ವಾರದ ಮೇಲೆ ಮೇಲ್ ಬಂತು.
ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ.
ಇನ್ನೊಂದು ಕಂಬ ನೆಡಿ, ಇನ್ನೊಂದು ಜುಲೈ ಕಳೆಯಲಿ,
ವೈರಿಗೆ ಕೊಳವೆ ಹಾಕಿಸಿ.
ಅಸೀಲಾ ಓದಿ ಫೋನು ಮಗುಚಿಟ್ಟಳು,
ಕೊಳವೆಯ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದಳು.

ಪಿಕಪ್ಪಿನ ಬಾಗಿಲು ಎಳೆದುಕೊಳ್ಳಲು
ನನಗೆ ಎರಡೂ ಕೈ ಬೇಕಾಯಿತು.
ಕಂಬದ ಬುಡದಲ್ಲಿ ಅದೇ ಮೇಕೆ,
ಬಾಯಾಡಿಸುತ್ತ, ಗಾಳಿಗೆ ಬೆನ್ನು ಹಾಕಿ.